ಎಂಟುನೂರು ವೋಲ್ಟಿನ ನಂಬರಣ್ಣ

ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ ಒಂದು ಬಾಗಿಲಿದೆ. ಅದರ ಮೇಲೆ ಕೆಂಪು ಬಣ್ಣದ ತಲೆಬುರುಡೆ, ಬುರುಡೆಯ ಕೆಳಗೆ ಅಡ್ಡಡ್ಡ ಎರಡು ಮೂಳೆ, ಅದರ ಕೆಳಗೆ ದಪ್ಪಕ್ಷರದಲ್ಲಿ 'ಅಪಾಯ'. ಹೊಸದಾಗಿ ಬಂದ ಪೋಸ್ಟ್‌ಮ್ಯಾನ್ ಒಳಗೆ ಟ್ರಾನ್ಸ್‌ಫಾರ್ಮರ್ ಇದೆಯೆಂದು ತಿಳಿದು, ಕಾಗದಗಳನ್ನು ಮೆಟ್ಟಿಲ ಮೇಲೆಯೇ ಇಟ್ಟು ಇಳಿದುಬಿಡುತ್ತಾನೆ. ಒಳಗಿರುವುದು ಟ್ರಾನ್ಸ್‌ಫಾರ್ಮರ್ ಅಲ್ಲ, ನಮ್ಮ ನಂಬರಣ್ಣ. ಚಪ್ಪಲಿ ಅಂಗಡಿಯಲ್ಲಿ ಗಿರಾಕಿಗಳ ಕಾಲಿಗೆ ಬೂಟು ತೊಡಿಸಿ ಬದುಕುವ ಸಾಧುಪ್ರಾಣಿ. ಇರುವೆ ಸಾಲು ಕಂಡರೆ ದಾಟದೆ ಸುತ್ತಿಕೊಂಡು ಹೋಗುವವನು.

ಆ ಬುರುಡೆ ಅಲ್ಲಿಗೆ ಹೇಗೆ ಬಂತೆಂದು ನಾನೇ ಹೇಳಬೇಕು. ಕಟ್ಟಡದ ಉಳಿದವರ ಬಾಯಲ್ಲಿ ಕೇಳಿದರೆ ನಿಮಗೆ ನಿದ್ದೆ ಬರುವುದಿಲ್ಲ. ನಾನು ಅವನ ಕೆಳಗಿನ ಮನೆಯವನು. ಅವನ ಬಚ್ಚಲು ಸೋರಿದರೆ ನನ್ನ ಗೋಡೆ ಒದ್ದೆಯಾಗುತ್ತದೆ, ಅಷ್ಟು ಹತ್ತಿರದ ಸಂಬಂಧ.

ನಂಬರಣ್ಣ ಎಂಬ ಹೆಸರು ಅವನಿಗೆ ಬಂದದ್ದು ಕೆಲಸದಿಂದ. ಯಾರೇ ಎದುರಾಗಲಿ, ಅವನ ಕಣ್ಣು ಮೊದಲು ಕಾಲಿಗೆ ಹೋಗುತ್ತದೆ. "ಏಳು. ಬಲಗಾಲು ಸ್ವಲ್ಪ ಅಗಲ," ಎಂದುಕೊಂಡಾದ ಮೇಲೆ ನಿಧಾನವಾಗಿ ಮುಖಕ್ಕೆ ಏರುತ್ತದೆ. ಮದುವೆಗೆ ಮುಂಚೆ ಹುಡುಗಿ ಹೇಗಿದ್ದಾಳೆ ಎಂದು ಅವನ ತಾಯಿ ಕೇಳಿದಾಗ "ಐದು" ಎಂದನಂತೆ. ಆ ಐದು ನಂಬರಿನ ಅತ್ತಿಗೆಯೇ ಇಪ್ಪತ್ತೆಂಟು ವರ್ಷದಿಂದ ಅವನ ಸಂಸಾರ ನಡೆಸುತ್ತಿರುವವರು.

ಬೇಸಿಗೆಯ ಒಂದು ಮಧ್ಯಾಹ್ನ ದಪ್ಪ ಗಿರಾಕಿಯೊಬ್ಬರ ಕಾಲನ್ನು, ಅವರದೇ ಹಠದ ಪ್ರಕಾರ, ಒಂದು ನಂಬರು ಚಿಕ್ಕದಾದ ಬೂಟಿನೊಳಗೆ ತುರುಕುತ್ತಿದ್ದಾಗ ನಂಬರಣ್ಣ ಆ ಕಾಲಿನ ಮೇಲೆಯೇ ತಲೆಯಿಟ್ಟು ಬಿದ್ದುಬಿಟ್ಟ. ಗಿರಾಕಿ ಮೊದಲು ಇದನ್ನು ವಿನಯ ಎಂದುಕೊಂಡು, "ಏಳಿ ಏಳಿ, ಅಷ್ಟೆಲ್ಲ ಬೇಡ," ಎಂದರಂತೆ. ಎದ್ದೇಳದಾಗ ಕೂಗಿಕೊಂಡರು. ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಅವನ ಹೃದಯ ಬಡಿಯುವುದನ್ನು ಬಿಟ್ಟು ಅಡ್ಡಾದಿಡ್ಡಿ ನಡುಗುತ್ತಿತ್ತಂತೆ. ಹೇಗೋ ಜೀವ ಉಳಿಸಿದರು. ಇನ್ನೊಮ್ಮೆ ಹಾಗಾದರೆ ಹೊತ್ತೊಯ್ಯುವಷ್ಟು ಸಮಯ ಸಿಗಲಾರದೆಂದು ಎಡಗಡೆಯ ಕೊರಳೆಲುಬಿನ ಕೆಳಗೆ, ಚರ್ಮದೊಳಗೆ, ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಒಂದು ಯಂತ್ರವನ್ನಿಟ್ಟು ಹೊಲಿದರು.

ಮನೆಗೆ ಕಳಿಸುವ ದಿನ ಡಾಕ್ಟರಮ್ಮ ಅವನನ್ನು ಕೂರಿಸಿಕೊಂಡು ವಿವರಿಸಿದರು.

"ನೋಡಿ, ಇದು ಯಾವಾಗ್ಲೂ ನಿಮ್ಮ ಎದೆಬಡಿತ ಕಾಯ್ತಾ ಇರತ್ತೆ. ಬಡಿತ ಹುಚ್ಚಾಪಟ್ಟೆ ಓಡಿದ್ರೆ ತಾನೇ ಒಂದು ಶಾಕ್ ಕೊಟ್ಟು ದಾರಿಗೆ ತರತ್ತೆ. ಎಂಟುನೂರು ವೋಲ್ಟ್ ತನಕ ಹೋಗತ್ತೆ, ಆದ್ರೆ ಕಣ್ಣು ಮಿಟುಕಿಸೋಷ್ಟು ಹೊತ್ತು ಅಷ್ಟೇ."

"ನೋವಾಗತ್ತಾ ಡಾಕ್ಟ್ರೇ?"

"ಕುದುರೆ ಎದೆಗೆ ಒದ್ದ ಹಾಗಿರತ್ತೆ ಅಂತ ಕೆಲವರು ಹೇಳ್ತಾರೆ."

ಅದಾದ ಮೇಲೆ ಡಾಕ್ಟರಮ್ಮ ಇನ್ನೂ ಬಹಳ ಹೊತ್ತು ಮಾತಾಡಿದರು. ಏನು ಮಾಡಬಹುದು, ಏನು ಮಾಡಬಾರದು, ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ, ಎಲ್ಲವನ್ನೂ ಬಿಡಿಸಿ ಹೇಳಿದರು. ನಂಬರಣ್ಣ ತಲೆಯಾಡಿಸುತ್ತಲೇ ಇದ್ದ. ಒಂದಕ್ಷರವೂ ಕಿವಿಗೆ ಬೀಳಲಿಲ್ಲ. ಅವನು ಕುದುರೆಯ ಹತ್ತಿರವೇ ನಿಂತುಬಿಟ್ಟಿದ್ದ. ಅತ್ತಿಗೆ ಜೊತೆಗಿದ್ದಿದ್ದರೆ ಎಲ್ಲ ಕೇಳಿಸಿಕೊಂಡಿರುತ್ತಿದ್ದರು. ಆದರೆ ಅವರು ಆ ಹೊತ್ತಿಗೆ ಕೆಳಗೆ ಔಷಧಿ ಅಂಗಡಿಯ ಕ್ಯೂನಲ್ಲಿದ್ದರು. ಮುಂದಿನ ಸಕಲ ಅನಾಹುತಕ್ಕೂ ಆ ಕ್ಯೂ ಕಾರಣವೆಂದು ನನ್ನ ಅಭಿಪ್ರಾಯ.

ಮನೆಗೆ ಬಂದ ನಂಬರಣ್ಣ ಬೇರೆಯೇ ಮನುಷ್ಯನಾಗಿದ್ದ. ಎದೆಯೊಳಗೆ ತುಂಬಿದ ಬಿಂದಿಗೆ ಇಟ್ಟುಕೊಂಡವನಂತೆ ನಡೆಯುತ್ತಿದ್ದ. ಮೆಟ್ಟಿಲಿಗೊಮ್ಮೆ ನಿಂತು ಒಳಗಿನ ಸದ್ದು ಆಲಿಸುತ್ತಿದ್ದ. ನಗುವುದನ್ನು ಬಿಟ್ಟ. ಸಿಟ್ಟನ್ನೂ ಬಿಟ್ಟ. ಸೀನು ಬಂದರೆ ಮೂಗು ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, ಅದನ್ನು ಒಳಗೇ ನುಂಗುತ್ತಿದ್ದ. ಒಂದು ದಿನ ನಾನು ಅಂಗಳದಲ್ಲಿ ಹಿಂದಿನಿಂದ "ನಂಬರಣ್ಣ!" ಎಂದು ಕರೆದೆ. ಅವನು ಗೋಡೆಗೆ ಒರಗಿ, ಎದೆಯ ಮೇಲೆ ಕೈಯಿಟ್ಟು, ನನ್ನ ಕಾಲನ್ನು ನೋಡದೆ ನೇರವಾಗಿ ಮುಖವನ್ನೇ ನೋಡಿದ. ಆಗ ನನಗೆ ಅವನ ಭಯ ಎಷ್ಟೆಂದು ಅರ್ಥವಾಯಿತು.

ಹೀಗಿರುವಾಗ ಡ್ರಿಲ್ ಮಾಸ್ತರು ಬಂದರು.

ಡ್ರಿಲ್ ಮಾಸ್ತರು ಅತ್ತಿಗೆಯ ಅಣ್ಣ. ಶಾಲೆಯಲ್ಲಿ ಮಕ್ಕಳಿಗೆ ಕವಾಯತು ಮಾಡಿಸಿ ನಿವೃತ್ತರಾದವರು. ಒಳ್ಳೆಯ ಮನುಷ್ಯ, ಆದರೆ ಅವರ ಪ್ರೀತಿ ಅಂಗೈಯಲ್ಲಿದೆ. ಕಂಡವರ ಬೆನ್ನಿಗೆ 'ಧಪ್' ಎಂದು ಬಾರಿಸದೆ ಅವರಿಗೆ ಕುಶಲ ಕೇಳಲು ಬರುವುದಿಲ್ಲ. ಇಪ್ಪತ್ತೆಂಟು ವರ್ಷದಿಂದ ಆ ಅಂಗೈ ನಂಬರಣ್ಣನ ಬೆನ್ನನ್ನು ವಿಚಾರಿಸಿಕೊಳ್ಳುತ್ತ ಬಂದಿದೆ. ಅವರು ಬಂದು ಹೋದ ಮೇಲೆ ಎಷ್ಟೋ ಸಲ ಅತ್ತಿಗೆ ಬೆನ್ನಿಗೆ ಎಣ್ಣೆ ತಿಕ್ಕುವುದುಂಟು.

ಅಂದು ನಾನೂ ಅಲ್ಲೇ ಕೂತಿದ್ದೆ. ಮಾಸ್ತರು ಬಾಗಿಲಲ್ಲೇ "ಏನಪ್ಪಾ, ಗಂಡಾಂತರದಿಂದ ಪಾರಾಗಿ ಬಂದ್ಯಲ್ಲ, ಭೇಷ್!" ಎಂದು ಗುಡುಗುತ್ತ, ಕೈ ಎತ್ತಿಕೊಂಡೇ ಒಳಗೆ ಬಂದರು. ನಂಬರಣ್ಣ ಕುರ್ಚಿಯಿಂದ ಹಾರಿ ಗೋಡೆಗೆ ಬೆನ್ನು ಹಚ್ಚಿದ.

"ಭಾವ! ಮುಟ್ಟಬೇಡಿ! ಒಳಗೆ ಕರೆಂಟಿದೆ!"

ಕೈ ಗಾಳಿಯಲ್ಲಿ ನಿಂತಿತು. "ಕರೆಂಟಾ? ಎಷ್ಟು?"

"ಎಂಟುನೂರು ವೋಲ್ಟ್."

"ಮುಟ್ಟಿದ್ರೆ?"

ಇಲ್ಲಿ ನಂಬರಣ್ಣ ನಿಲ್ಲಿಸಬಹುದಿತ್ತು. ಆದರೆ ಜೀವಮಾನದಲ್ಲಿ ಮೊದಲ ಬಾರಿಗೆ ಆ ಅಂಗೈ ಅವನ ಮುಂದೆ ಹೆದರಿ ನಿಂತಿತ್ತು. ಅವನು ಕಣ್ಣು ಮುಚ್ಚಿ, ದನಿ ತಗ್ಗಿಸಿ, "ಮುಟ್ಟಿದವರ ಕಥೆ ಕೇಳ್ಬೇಡಿ ಭಾವ," ಎಂದ.

ಡ್ರಿಲ್ ಮಾಸ್ತರು ಕೈಯನ್ನು ಮೆಲ್ಲಗೆ ಇಳಿಸಿ ಜೇಬಿನಲ್ಲಿಟ್ಟುಕೊಂಡರು. ಕುರ್ಚಿಯನ್ನು ಬಾಗಿಲ ಕಡೆಗೆ ಎಳೆದು ಕೂತರು. ತಂಗಿ ಕೊಟ್ಟ ಕಾಫಿ ಕುಡಿಯುವ ಮುನ್ನ ಲೋಟವನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದರು. ಹೋಗುವಾಗ ಅಡುಗೆಮನೆಗೆ ನುಗ್ಗಿ ತಂಗಿಯ ಕಿವಿಯಲ್ಲಿ ಪಿಸುಗುಟ್ಟಿದರು. ಅವರ ಪಿಸುಮಾತು ಒಂದು ಮೈದಾನಕ್ಕೆ ಸಾಕಾಗುತ್ತದೆ.

"ಹುಷಾರಮ್ಮಾ! ನಿನ್ನ ಗಂಡ ಈಗ ಮನುಷ್ಯ ಅಲ್ಲ, ಕರೆಂಟ್ ಕಂಬ!"

ಅವರು ಹೋದ ಮೇಲೆ ಅತ್ತಿಗೆ ಸೆರಗಿಗೆ ಕೈ ಒರೆಸುತ್ತ ಬಂದು ನಿಂತರು. "ರೀ, ಅಣ್ಣ ಹೇಳಿದ್ದು ನಿಜವಾ?"

ನಂಬರಣ್ಣ ನಗಬೇಕಿತ್ತು, 'ನಿನ್ನ ಅಣ್ಣನ ಏಟು ತಪ್ಪಿಸಿಕೊಳ್ಳೋಕೆ ಹಾಗಂದೆ' ಎನ್ನಬೇಕಿತ್ತು. ಬಾಯಿ ತೆರೆದ. ಆಗಲೇ ಅವನಿಗೆ ಹೊಳೆಯಿತು: ಅದು ಸುಳ್ಳೋ ನಿಜವೋ ಅವನಿಗೇ ಗೊತ್ತಿಲ್ಲ. ಎಂಟುನೂರು ವೋಲ್ಟ್ ಒಳಗಿರುವುದಂತೂ ಹೌದು. ಅದು ಹೊಡೆಯುವಾಗ ಇವಳ ಕೈ ಅವನ ಮೇಲಿದ್ದರೆ?

"ಯಾವುದಕ್ಕೂ ಸ್ವಲ್ಪ ದೂರ ಇರು," ಎಂದ.

ಡಾಕ್ಟರಮ್ಮನಿಗೆ ಒಂದು ಫೋನು ಮಾಡಬಾರದಿತ್ತೇ ಎಂದು ನೀವು ಕೇಳಬಹುದು. ನಾನೂ ಅದನ್ನೇ ಕೇಳಿದೆ. ಅವನು ಬಹಳ ಹೊತ್ತು ನನ್ನ ಚಪ್ಪಲಿಯನ್ನೇ ನೋಡುತ್ತ ಕೂತು, "ಹೌದು ಅಂದ್ಬಿಟ್ರೆ?" ಎಂದ. ಇಷ್ಟು ಮಾತ್ರ ಹೇಳುತ್ತೇನೆ, ಮಾತಾಡುತ್ತ ಮಾತಾಡುತ್ತ ನನ್ನ ಕುರ್ಚಿಯೂ ಹೇಗೋ ಸ್ವಲ್ಪ ಹಿಂದೆ ಸರಿದಿತ್ತು.

ಸುದ್ದಿ ಕಟ್ಟಡದಲ್ಲಿ ಹಬ್ಬಲು ಡ್ರಿಲ್ ಮಾಸ್ತರು ಮೆಟ್ಟಿಲಿಳಿದಷ್ಟೇ ಹೊತ್ತು ಹಿಡಿಯಿತು. ಮಾರನೇ ದಿನ ಮೇಲ್ಮನೆಯ ಟೀಚರಮ್ಮ ನನ್ನನ್ನು ಅಡ್ಡಗಟ್ಟಿ, ನಂಬರಣ್ಣ ಮೆಟ್ಟಿಲ ಕಬ್ಬಿಣದ ಕಂಬಿ ಹಿಡಿದು ಹತ್ತುತ್ತಾನಲ್ಲ, ಅದೇ ಕಂಬಿಯನ್ನು ಆಗ ಮೇಲಿನಿಂದ ಇನ್ನೊಬ್ಬರು ಹಿಡಿದಿದ್ದರೆ ಅವರ ಗತಿಯೇನು ಎಂದು ಕೇಳಿದರು. ಅಂದಿನಿಂದ ನಮ್ಮ ಕಟ್ಟಡದಲ್ಲಿ ಮೆಟ್ಟಿಲು ಹತ್ತುವ ಮೊದಲು ಕೆಳಗಿನಿಂದ "ನಂಬರಣ್ಣ ಮನೇಲಿದಾರಾ?" ಎಂದು ಕೂಗಿ ಕೇಳುವ ಪದ್ಧತಿ ಬಂತು. ಮನೆಯಲ್ಲಿದ್ದರೆ ಹತ್ತುವುದು, ಇಲ್ಲವಾದರೆ ಕಾಯುವುದು. ಅವನೂ ಒಳಗಿನಿಂದ ಪ್ರಾಮಾಣಿಕವಾಗಿ "ಇದೀನಿ, ಬನ್ನಿ," ಎನ್ನುತ್ತಿದ್ದ.

ವಾರ ಕಳೆಯುವುದರಲ್ಲಿ ಟೀಚರಮ್ಮನ ಫ್ರಿಜ್ಜು ಕೆಟ್ಟಿತು. ಹದಿನೈದು ವರ್ಷದ ಫ್ರಿಜ್ಜು, ಕೆಡುವುದು ಅದರ ಹಕ್ಕು. ಆದರೆ ಅದು ನಂಬರಣ್ಣನ ಮಂಚದ ನೇರ ಮೇಲಿತ್ತು. ಟೀಚರಮ್ಮ ವಿದ್ಯುತ್ ಕಚೇರಿಗೆ ದೂರು ಕೊಟ್ಟರು. ಕಚೇರಿಯಿಂದ ಒಬ್ಬ ಇಂಜಿನಿಯರ್ ಬಂದರು. ದೂರು ಬಂದರೆ ಎಂದೂ ಬಾರದ ಕಚೇರಿ ಅದು. ಅವರು ಬಂದದ್ದೇ ಕಟ್ಟಡಕ್ಕೆ ಇನ್ನಷ್ಟು ಗಾಬರಿ ಹುಟ್ಟಿಸಿತು.

ಇಂಜಿನಿಯರ್ ಬಾಗಿಲಲ್ಲೇ ನಿಂತು ನಂಬರಣ್ಣನನ್ನು ಮೇಲಿನಿಂದ ಕೆಳಗೆ ನೋಡಿದರು. "ಸಪ್ಲೈ ಎಲ್ಲಿಂದ ತಗೊಂಡಿದೀರಿ?"

"ಒಳಗೇ ಬ್ಯಾಟ್ರಿ ಇದೆ ಸಾರ್."

"ಅಂದ್ರೆ ನಮ್ಮ ಲೈನಿಂದಲ್ಲ?"

"ಅಲ್ಲ ಸಾರ್. ಆಸ್ಪತ್ರೆಯಲ್ಲೇ ಹಾಕಿ ಕಳಿಸಿದ್ದು."

"ಮನೇಲಿ ಉತ್ಪಾದನೆ ಮಾಡೋಕೆ ಅನುಮತಿ ಬೇಕು, ಗೊತ್ತಾ?"

ನಂಬರಣ್ಣನಿಗೆ ಅದೂ ಹೌದಿರಬಹುದು ಎನಿಸಿತು. "ಪ್ರಜ್ಞೆ ತಪ್ಪಿತ್ತು ಸಾರ್, ಆಗ ಕೇಳೋಕಾಗ್ಲಿಲ್ಲ," ಎಂದು ಕೈಮುಗಿದ. ಇಂಜಿನಿಯರ್ ಜೇಬಿನಿಂದ ಟೆಸ್ಟರ್ ತೆಗೆದು, ತೋಳು ಉದ್ದಕ್ಕೆ ಚಾಚಿ, ಮುಖ ಹಿಂದಕ್ಕೆ ತಿರುಗಿಸಿಕೊಂಡು, ಅವನ ಮೊಣಕೈಗೆ ತಾಗಿಸಿದರು. ಟೆಸ್ಟರಿನ ದೀಪ ಹತ್ತಲಿಲ್ಲ. ಮೆಟ್ಟಿಲ ಮೇಲೆ ನೆರೆದಿದ್ದ ನಾವೆಲ್ಲ ಉಸಿರು ಬಿಟ್ಟೆವು.

"ಸದ್ಯಕ್ಕೆ ಕರೆಂಟಿಲ್ಲ," ಎಂದು ಇಂಜಿನಿಯರ್ ಘೋಷಿಸಿದರು. "ಆದ್ರೆ ಯಾವಾಗ ಬರತ್ತೆ ಅಂತ ಹೇಳೋಕಾಗಲ್ಲ." ತಮ್ಮ ಕಚೇರಿಯ ಸರಬರಾಜಿನ ಬಗ್ಗೆ ಪ್ರತಿದಿನ ಹೇಳುವ ಮಾತನ್ನೇ ಅವರು ಅಲ್ಲಿಯೂ ಹೇಳಿದ್ದು. ಆದರೆ ನಂಬರಣ್ಣ ಬೆವೆತುಹೋದ. ಇಂಜಿನಿಯರ್ ಹೋಗುವಾಗ, ತಮ್ಮ ಮೇಲೆ ಜವಾಬ್ದಾರಿ ಬರಬಾರದೆಂದು, ಚೀಲದಿಂದ ಬುರುಡೆಯ ಚಿತ್ರದ ಕಾಗದವೊಂದನ್ನು ತೆಗೆದು ಬಾಗಿಲಿಗೆ ಅಂಟಿಸಿ ಹೋದರು.

ಇನ್ನು ಅಂಗಡಿಯ ಕಥೆ. ಚಪ್ಪಲಿ ಅಂಗಡಿಯವರಿಗೆ ವಿದ್ಯುತ್ತಿನ ವಿಷಯದಲ್ಲಿ ತಮ್ಮದೇ ಆದ ಶಾಸ್ತ್ರವಿದೆ. ರಬ್ಬರ್ ಸೋಲಿನ ಮೇಲೆ ನಿಂತವನಿಗೆ ಯಾವ ಕರೆಂಟೂ ಹೊಡೆಯುವುದಿಲ್ಲ ಎಂಬುದು ಅದರ ಮೊದಲ ಮತ್ತು ಕೊನೆಯ ಸೂತ್ರ. ನಂಬರಣ್ಣ ಕೆಲಸಕ್ಕೆ ಮರಳಿದ ದಿನ ಅಂಗಡಿಯ ಯಜಮಾನರು ಗಿರಾಕಿಗಳು ಕೂರುವ ಜಾಗಕ್ಕೆಲ್ಲ ರಬ್ಬರ್ ಚಾಪೆ ಹಾಸಿದರು. ಬೂಟು ಹಾಕಿಸಿಕೊಳ್ಳುವವರು ಆಯ ತಪ್ಪದಿರಲೆಂದು ನಂಬರಣ್ಣನ ಹೆಗಲ ಮೇಲೆ ಕೈಯೂರುವುದು ರೂಢಿ. ಅವನ ಎಲ್ಲ ಅಂಗಿಗಳೂ ಬಲ ಹೆಗಲಿನಲ್ಲಿ ಮೊದಲು ಸವೆಯುತ್ತವೆ. ಈಗ ಅವರ ಕೈಗೆ ಒಂದು ಮರದ ಕೋಲು ಕೊಡಲಾಯಿತು.

ಗಿರಾಕಿಗಳು ಮೊದಲು ಬಾಗಿಲಲ್ಲೇ ಹಿಂಜರಿದರು. ಆಮೇಲೆ, ಅಳತೆ ಕೊಡುವ ಮುನ್ನ ಒಂದು ಜೊತೆ ರಬ್ಬರ್ ಚಪ್ಪಲಿ ಕೊಂಡು ಹಾಕಿಕೊಂಡರೆ ಒಳ್ಳೆಯದಲ್ಲವೇ ಎಂದು ಯಾರೋ ಒಬ್ಬರಿಗೆ ಹೊಳೆಯಿತು. ಗೋದಾಮಿನಲ್ಲಿ ವರ್ಷಗಟ್ಟಲೆ ಧೂಳು ತಿನ್ನುತ್ತಿದ್ದ ರಬ್ಬರ್ ಮಾಲೆಲ್ಲ ಖಾಲಿಯಾಯಿತು. ನಾನೂ ಒಂದು ಜೊತೆ ತಂದೆ. ಹೆದರಿಕೆಯಿಂದಲ್ಲ, ಬಚ್ಚಲಿಗೆ ಬೇಕಿತ್ತು.

"ಯಜಮಾನ್ರೇ, ನನಗೇನೋ ಭಯ ಆಗ್ತಿದೆ. ಹಿಂದೆ ಲೆಕ್ಕದ ಕೋಣೇಲಿ ಕೂತ್ಕೋತೀನಿ," ಎಂದು ನಂಬರಣ್ಣ ಬೇಡಿಕೊಂಡ.

"ಹಿಂದೆ ಯಾಕಯ್ಯಾ? ನೀನು ಮುಂದೇನೇ ಕೂರ್ಬೇಕು. ಎಲ್ರಿಗೂ ಕಾಣಬೇಕು," ಎಂದರು ಯಜಮಾನರು.

ಹೀಗೆ ಅವನು ಮುಂದೆ ಕೂತಿದ್ದಾಗ ಒಂದು ದಿನ ತಾಯಿಯೊಬ್ಬಳು ಪುಟ್ಟ ಮಗಳನ್ನು ಕರೆತಂದಳು. ಹುಡುಗಿಗೆ ಶಾಲೆಯ ಬೂಟು ಬೇಕಿತ್ತು. ತಾಯಿ ಕೋಲು ಹಿಡಿಸಿದಳು. ಹುಡುಗಿಗೆ ಕೋಲಿಗಿಂತ ನಂಬರಣ್ಣನ ಬೋಳುತಲೆ ಅನುಕೂಲವಾಗಿ ಕಂಡಿತು. ಅವನು ಬಗ್ಗಿ ಲೇಸು ಬಿಗಿಯುತ್ತಿದ್ದಾಗ ಕೋಲು ಬಿಸಾಡಿ ಎರಡೂ ಅಂಗೈಗಳನ್ನು ಆ ತಲೆಯ ಮೇಲೂರಿದಳು.

"ಅಯ್ಯೋ, ಮಗು ಸತ್ತಿತು!" ಎಂದು ಕಿರುಚಿದವನು ನಂಬರಣ್ಣನೇ. ಹಿಂದಕ್ಕೆ ನೆಗೆದ ರಭಸಕ್ಕೆ ಬೂಟಿನ ಡಬ್ಬಗಳ ಗೋಡೆ ಅವನ ಮೇಲೆ ಕುಸಿಯಿತು. ತಾಯಿ ಕಿರುಚಿದಳು. ಯಜಮಾನರು ಮೇಜಿನ ಮೇಲೆ ಹತ್ತಿದರು. ರಬ್ಬರ್ ಹಾಕಿದವರೂ ಹಾಕದವರೂ ಬೀದಿಗೆ ಓಡಿದರು. ಹುಡುಗಿ ಒಂದೇ ಕಾಲಿಗೆ ಬೂಟು ಹಾಕಿಕೊಂಡು ನಿಂತು, "ನಂಗೇನೂ ಆಗ್ಲಿಲ್ಲ," ಎಂದಳು. ಯಾರೂ ಕೇಳಿಸಿಕೊಳ್ಳಲಿಲ್ಲ. ಮತ್ತೊಮ್ಮೆ ಹೇಳಿದಾಗ ಯಜಮಾನರು ಮೇಜಿನ ಮೇಲಿನಿಂದಲೇ ಬೀದಿಯತ್ತ ತಿರುಗಿ, "ನೋಡಿದ್ರಾ! ಕಾಲಲ್ಲಿರೋದು ನಮ್ಮ ಅಂಗಡಿ ರಬ್ಬರ್ ಸೋಲು, ಅದಕ್ಕೇ ಉಳೀತು!" ಎಂದು ಸಾರಿದರು.

ಡಬ್ಬಗಳ ಅಡಿಯಿಂದ ಎದ್ದ ನಂಬರಣ್ಣ ಹುಡುಗಿಯ ಎರಡೂ ಅಂಗೈಗಳನ್ನು ದೂರದಿಂದಲೇ ಬಗ್ಗಿ ನೋಡಿದ. ಅವನು ತನ್ನ ಎದೆಗೆ ಹೆದರುತ್ತಿದ್ದುದು ನಿಜ. ಆದರೆ ಅಂದಿನಿಂದ ಅವನಿಗೆ ತನಗಿಂತ ಬೇರೆಯವರದೇ ಭಯ ಹೆಚ್ಚಾಯಿತು. ಎಲ್ಲರಿಗಿಂತ ಹೆಚ್ಚಾಗಿ ಅತ್ತಿಗೆಯದು.

ಮನೆಯಲ್ಲಿ ಅತ್ತಿಗೆ ಪಾತ್ರೆ ತೊಳೆಯುವ ಹಳದಿ ರಬ್ಬರ್ ಗ್ಲೌಸನ್ನು ಬೆಳಗ್ಗೆ ಎದ್ದಾಗ ತೊಟ್ಟರೆ ಮಲಗುವಾಗಲೇ ಬಿಚ್ಚುತ್ತಿದ್ದರು. ತಟ್ಟೆಯನ್ನು ಮೇಜಿನ ಆ ತುದಿಯಲ್ಲಿಟ್ಟು ಸೌಟಿನಿಂದ ಈ ತುದಿಗೆ ತಳ್ಳುತ್ತಿದ್ದರು. ಅವರ ಹಾಸಿಗೆ ಹಜಾರಕ್ಕೆ ಬಂತು. ನಂಬರಣ್ಣನ ಅಂಗಿಯ ಕುತ್ತಿಗೆಯ ಗುಂಡಿ ಅವನ ಕೈಗೆ ಎಂದೂ ಸಿಗದು. ಅದನ್ನು ಹಾಕುತ್ತಿದ್ದವರು ಅತ್ತಿಗೆ. ಈಗ ಅದು ಬಿಚ್ಚಿಕೊಂಡೇ ಇರುತ್ತಿತ್ತು.

ಎಲ್ಲಕ್ಕಿಂತ ಕಷ್ಟವಾದದ್ದು ರಸ್ತೆ ದಾಟುವುದು. ಅತ್ತಿಗೆಗೆ ಮುಖ್ಯರಸ್ತೆ ಎಂದರೆ ಜೀವ ಬಾಯಿಗೆ ಬರುತ್ತದೆ. ಮದುವೆಯಾದಂದಿನಿಂದ ಗಂಡನ ಮೊಣಕೈಯನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿಕೊಂಡು ದಾಟಿದವರು. ಈಗ ಮೊಣಕೈ ಹಿಡಿಯುವಂತಿಲ್ಲ, ಹಿಡಿಯದೆ ದಾಟುವಂತಿಲ್ಲ. ಕೊನೆಗೆ ಮರದ ಹಿಡಿಯ ಒಂದು ಹಳೆಯ ಛತ್ರಿಯ ಒಂದು ತುದಿ ಅವನೂ ಇನ್ನೊಂದು ತುದಿ ಇವರೂ ಹಿಡಿದು ದಾಟತೊಡಗಿದರು. ಸಂತೆ ಸಾಮಾನಿಗೆ ಹೋಗುವಾಗ ನಂಬರಣ್ಣ ಮುಂದೆ, ನಡುವೆ ಛತ್ರಿ, ಹಿಂದೆ ಹಳದಿ ಗ್ಲೌಸಿನ ಅತ್ತಿಗೆ. ಬೀದಿಯವರು ನಗುತ್ತಿದ್ದರು. ನಂಬರಣ್ಣ ಮಾತ್ರ ಒಮ್ಮೆ ನನ್ನ ಬಳಿ, "ಮೊಣಕೈ ಮೇಲೆ ಅವಳ ಉಗುರಿನ ಗುರುತೆಲ್ಲ ಅಳಿಸಿಹೋಯ್ತು ನೋಡಿ," ಎಂದು ತೋಳು ತೋರಿಸಿದ.

ಮೂರು ತಿಂಗಳಾದ ಮೇಲೆ ಯಂತ್ರವನ್ನು ತೋರಿಸಲು ಆಸ್ಪತ್ರೆಗೆ ಹೋಗಬೇಕಿತ್ತು. ಈ ಸಲ ಕೇಳಿಯೇ ಬಿಡುವುದೆಂದು ನಂಬರಣ್ಣ ನಿಶ್ಚಯಿಸಿದ್ದ. ಆದರೆ ಉತ್ತರ ಕೇಳಿ ಕುಸಿದುಬಿದ್ದರೆ ಹಿಡಿದುಕೊಳ್ಳಲು ಯಾರಾದರೂ ಬೇಕಲ್ಲ ಎಂದು ನನ್ನನ್ನು ಕರೆದ. ನಾನು ಹೊಸ ರಬ್ಬರ್ ಚಪ್ಪಲಿ ಹಾಕಿಕೊಂಡು ಹೊರಟೆ.

ಬಸ್ಸು ಆಸ್ಪತ್ರೆಯ ಎದುರು ಬದಿಯಲ್ಲಿ ಇಳಿಸಿತು. ನಡುವೆ ಅಗಲವಾದ ಮುಖ್ಯರಸ್ತೆ, ಅದರ ಮಧ್ಯೆ ಮೊಣಕಾಲೆತ್ತರದ ಕಟ್ಟೆ. ಆಸ್ಪತ್ರೆಯಲ್ಲಿ ಜನ ಏನಂದುಕೊಂಡಾರೆಂದು ಅತ್ತಿಗೆ ಬಸ್ಸಿನಲ್ಲೇ ಗ್ಲೌಸು ಬಿಚ್ಚಿ ಬ್ಯಾಗಿನಲ್ಲಿಟ್ಟುಕೊಂಡಿದ್ದರು. ಛತ್ರಿಯಿತ್ತಲ್ಲ, ಅಷ್ಟು ಸಾಕೆಂಬ ಧೈರ್ಯ. ನಾನು ಜಾಣ, ಮೊದಲೇ ದಾಟಿ ಆಸ್ಪತ್ರೆಯ ಗೇಟಿನಲ್ಲಿ ನಿಂತಿದ್ದೆ. ಆದ್ದರಿಂದ ಎಲ್ಲವನ್ನೂ ನೋಡಿದೆ.

ಅವರಿಬ್ಬರೂ ರಸ್ತೆಯ ನಡುವೆ ಬಂದಾಗ ಆ ಛತ್ರಿಗೆ ಏನಾಯಿತೋ, 'ಭಪ್' ಎಂದು ಬಿಚ್ಚಿಕೊಂಡಿತು. ನಂಬರಣ್ಣ ಹೌಹಾರಿ ಕೈಬಿಟ್ಟ. ಈಗ ಛತ್ರಿಯ ಈಚೆ ನಂಬರಣ್ಣ, ಆಚೆ ಅತ್ತಿಗೆ, ಒಬ್ಬರಿಗೊಬ್ಬರು ಕಾಣರು. ತಿರುವಿನಲ್ಲಿ ನೀರಿನ ಟ್ಯಾಂಕರ್ ಲಾರಿಯೊಂದು ಹಾರ್ನ್ ಹೊಡೆಯುತ್ತ ಬಂತು. ನಂಬರಣ್ಣ ಓಡಲಿಲ್ಲ. ಎದೆಯ ಮೇಲೆ ಕೈಯಿಟ್ಟು, ಲಾರಿಯನ್ನು ನೋಡುತ್ತ, ನಿಂತಲ್ಲೇ ಮರಗಟ್ಟಿದ.

ಛತ್ರಿ ಗಾಳಿಯಲ್ಲಿ ಹಾರಿತು. ಅತ್ತಿಗೆ ಎರಡೂ ಬರಿಗೈಯಿಂದ ಅವನ ತೋಳನ್ನು ಹಿಡಿದು ಎಳೆದರು. ಇಬ್ಬರೂ ತೂರಾಡುತ್ತ ಹೋಗಿ ನಡುಗಟ್ಟೆಯ ಮೇಲೆ ಕೂತರು. ಲಾರಿ ಛತ್ರಿಯ ಮೇಲೆ ಹರಿದು ಹೋಯಿತು.

ಅಲ್ಲಿಗೆ ಮುಗಿಯಲಿಲ್ಲ. ನಂಬರಣ್ಣನ ಮುಖ ಬಿಳುಚಿತು. "ಬಿಡೇ! ಕೈ ಬಿಡು! ಓಡ್ತಾ ಇದೆ... ಒಳಗೆ ಓಡ್ತಾ ಇದೆ! ಈಗ ಹೊಡೆಯತ್ತೆ! ಬಿಡು ಅಂದ್ನಲ್ಲ!" ಎಂದು ತೋಳು ಕೊಡವಿದ. ಅವನಿಗೆ ಕಣ್ಣು ಕತ್ತಲಿಟ್ಟು ಬರುತ್ತಿತ್ತು. ಆದರೂ ಅತ್ತಿಗೆಯ ಬೆರಳು ಬಿಡಿಸಲು ನೋಡುತ್ತಿದ್ದ. ಅತ್ತಿಗೆ ಕಣ್ಣು ಮುಚ್ಚಿಕೊಂಡರು. ರಸ್ತೆ ದಾಟುವಾಗ ಮುಚ್ಚಿಕೊಳ್ಳುತ್ತಿದ್ದರಲ್ಲ, ಹಾಗೆಯೇ. ಹಿಡಿತವನ್ನು ಮತ್ತಷ್ಟು ಬಿಗಿ ಮಾಡಿದರು.

ನಂಬರಣ್ಣನ ಮೈ ಒಮ್ಮೆ ಜಿಗಿಯಿತು. ಅವನು "ಹಕ್" ಎಂದು ಅತ್ತಿಗೆಯ ಮಡಿಲಿಗೆ ವಾಲಿದ. ನಾನು ಅಷ್ಟರಲ್ಲಿ ಓಡಿ ಬಂದಿದ್ದೆ. ಬಂದು ಎರಡು ಮಾರು ದೂರದಲ್ಲಿ ನಿಂತೆ. ಇದನ್ನು ಹೇಳದೆ ಬಿಡಬಹುದಿತ್ತು, ಆದರೆ ಅತ್ತಿಗೆ ಎಲ್ಲರಿಗೂ ಹೇಳಿದ್ದಾರೆ.

ಮೊದಲು ಮಾತಾಡಿದವನು ನಂಬರಣ್ಣ. ಕಣ್ಣು ತೆರೆಯದೆ, ಅಳುವ ದನಿಯಲ್ಲಿ, "ಸತ್ತೋದ್ಯೇನೇ?" ಎಂದ.

"ಇನ್ನೂ ಇಲ್ಲ," ಎಂದರು ಅತ್ತಿಗೆ, ಅವರೂ ಕಣ್ಣು ತೆರೆಯದೆ.

"ಎಲ್ಲಿಗೆ ಹೊಡೀತು?"

"ಅಂಗೈಗೆ. ಇರುವೆ ಕಚ್ಚಿದ ಹಾಗೆ ಚುರುಕ್ ಅಂತು. ನಿಮ್ಗೆ?"

"ಕುದುರೆ," ಎಂದ ನಂಬರಣ್ಣ. ಇಬ್ಬರೂ ಒಟ್ಟಿಗೆ ಕಣ್ಣು ತೆರೆದು ಅವನ ತೋಳಿನ ಮೇಲಿದ್ದ ಆ ಬರಿಗೈಯನ್ನು ನೋಡಿದರು. ಆಮೇಲೆ ಅತ್ತಿಗೆ ಅಳಲು ಶುರು ಮಾಡಿದರು. ಅಕ್ಕಪಕ್ಕ ಬಸ್ಸು, ಲಾರಿ, ಸ್ಕೂಟರುಗಳು ಹರಿಯುತ್ತಿದ್ದವು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವನ ಎದೆಯ ಮೇಲೆ ಯಂತ್ರದ ದಾಖಲೆ ಓದುವ ಒಂದು ಬಿಲ್ಲೆಯಿಟ್ಟು ಪರದೆ ನೋಡಿದರು. "ಈಗ ತಾನೇ ಹೊಡೆದಿದೆ. ಹೊಡೀದೇ ಇದ್ದಿದ್ರೆ ನೀವು ಈ ಬೆಂಚಿನ ಮೇಲೆ ಕೂತಿರ್ತಿರಲಿಲ್ಲ. ಇವತ್ತು ಇಲ್ಲೇ ಇರಿ, ನೋಡೋಣ," ಎಂದರು. ಆಮೇಲೆ ಕೇಳಿದರು: "ಆಗ ಜೊತೇಲಿ ಯಾರಿದ್ರು?"

ಅತ್ತಿಗೆ ಅಂಗೈ ಮುಂದೆ ಚಾಚಿದರು. "ನಾನು ಹಿಡ್ಕೊಂಡಿದ್ದೆ ಡಾಕ್ಟ್ರೇ. ನನಗಿನ್ನೆಷ್ಟು ದಿನ?"

ಡಾಕ್ಟರಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕನ್ನಡಕ ತೆಗೆದಿಟ್ಟರು. "ಮುಟ್ಟಿದವರಿಗೆ ಏನೂ ಆಗಲ್ಲಮ್ಮ. ಸ್ವಲ್ಪ ಜುಮ್ ಅನ್ನಬಹುದು, ಅಷ್ಟೇ. ಅವತ್ತೇ ಇವರಿಗೆ ಇದನ್ನೆಲ್ಲ ಬಿಡಿಸಿ ಹೇಳಿದ್ನಲ್ಲ!"

ಅತ್ತಿಗೆ ನಿಧಾನವಾಗಿ ಗಂಡನ ಕಡೆ ತಿರುಗಿದರು. ಎಂಟುನೂರು ವೋಲ್ಟ್ ಎಂದರೆ ಹೇಗಿರುತ್ತದೆಂದು ನಾನು ಆ ನೋಟದಲ್ಲಿ ಕಂಡೆ.

"ಕೇಳಿಸ್ಲಿಲ್ಲ ಕಣೇ," ಎಂದ ನಂಬರಣ್ಣ. "ಕುದುರೆ ಅಂದ್ರಲ್ಲ, ಆಮೇಲೆ ಏನೂ ಕೇಳಿಸ್ಲಿಲ್ಲ."

"ಮತ್ತೆ ಅಣ್ಣನಿಗೆ ಯಾಕೆ ಹಾಗೆ ಹೇಳಿದ್ರಿ?"

"ಬೆನ್ನಿಗೆ ಹೊಡೀತಿದ್ರು. ಭಯ ಆಯ್ತು."

ಡಾಕ್ಟರಮ್ಮ ಆಚೆ ಹೋದ ಮೇಲೆ ನಂಬರಣ್ಣ ಬೆಂಚಿನ ಮೇಲೆ ಕೂತೇ, ಅತ್ತಿಗೆಯ ಐದು ನಂಬರಿನ ಪಾದಗಳನ್ನು ನೋಡುತ್ತ ಕೇಳಿದ: "ಸಾಯ್ತೀನಿ ಅಂತ ನಂಬಿದ್ಯಲ್ಲೇ. ಮತ್ತೆ ಯಾಕೆ ಹಿಡ್ಕೊಂಡೆ?"

"ಗ್ಲೌಸು ಬ್ಯಾಗಲ್ಲಿತ್ತು," ಎಂದರು ಅತ್ತಿಗೆ. "ಅದನ್ನ ಹುಡುಕ್ತಾ ನಿಂತ್ಕೊಂಡ್ರೆ ಲಾರಿ ಬಂದ್ಬಿಡ್ತಿತ್ತು." ಹಾಗೆಂದು ಬಗ್ಗಿ, ಅವನ ಅಂಗಿಯ ಕುತ್ತಿಗೆಯ ಗುಂಡಿ ಹಾಕಿದರು. ನಾನು ಕಿಟಕಿಯ ಹೊರಗೆ ನೋಡುತ್ತ ನಿಂತೆ. ನನ್ನ ಕಾಲಲ್ಲಿದ್ದ ರಬ್ಬರ್ ಚಪ್ಪಲಿಯ ಬಗ್ಗೆ ಅಂದು ಬಹಳ ನಾಚಿಕೆಯಾಯಿತು.

ಅವನನ್ನು ಮನೆಗೆ ಕಳಿಸಿದ ದಿನ ನಾವು ಮೂವರೂ ಮೆಟ್ಟಿಲು ಹತ್ತುವಷ್ಟರಲ್ಲಿ ಹಿಂದಿನಿಂದ ಭಾರವಾದ ಹೆಜ್ಜೆಗಳ ಸದ್ದು ಕೇಳಿಸಿತು. ಡ್ರಿಲ್ ಮಾಸ್ತರು. ಕಾಲಿಗೆ ಮೊಣಕಾಲುದ್ದದ ರಬ್ಬರ್ ಬೂಟು. ತಂಗಿಗೆ ಶಾಕ್ ಹೊಡೆಯಿತು, ತಂಗಿ ಬದುಕಿದಳು ಎಂದು ಅವರಿಗೆ ಅರ್ಧ ಸುದ್ದಿ ಮುಟ್ಟಿತ್ತು. ಆನಂದದಿಂದ ಅವರ ಕಣ್ಣು ತುಂಬಿತ್ತು. ಅವರಿಗೆ ಆನಂದವಾದರೆ ಕೈ ತಾನಾಗಿಯೇ ಏಳುತ್ತದೆ.

"ಏನೂ ಆಗಲ್ವಂತಲ್ಲೋ! ಭೇಷ್!" ಎಂದು ಗುಡುಗುತ್ತ ಎರಡೆರಡು ಮೆಟ್ಟಿಲು ಹಾರಿ ಬಂದರು. ಅಂಗೈ ನಂಬರಣ್ಣನ ಬೆನ್ನಿನ ಮೇಲೆ ಎತ್ತರಕ್ಕೆ ಹೋಯಿತು. ನಂಬರಣ್ಣ ಕಣ್ಣು ಮುಚ್ಚಿ ಹೆಗಲು ಕುಗ್ಗಿಸಿದ.

"ಅಣ್ಣಾ! ಮುಟ್ಟಬೇಡ!"

ಅಡ್ಡ ಬಂದವರು ಅತ್ತಿಗೆ. ಒಂದು ಕೈಯಲ್ಲಿ ಗಂಡನ ಮೊಣಕೈಯನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದುಕೊಂಡೇ ಇನ್ನೊಂದು ಕೈಯನ್ನು ಬಾಗಿಲ ಮೇಲಿನ ಬುರುಡೆಯತ್ತ ಚಾಚಿದರು. "ಕಾಣಲ್ವಾ? ಎಂಟುನೂರು ವೋಲ್ಟ್!"

ಮಾಸ್ತರ ಕೈ ಗಾಳಿಯಲ್ಲಿ ನಿಂತಿತು. ತಂಗಿಯ ಕೈಯನ್ನು ನೋಡಿದರು, ಬುರುಡೆಯನ್ನು ನೋಡಿದರು. "ಮತ್ತೆ ನೀನು ಹಿಡ್ಕೊಂಡಿದೀಯಲ್ಲಮ್ಮಾ?"

"ನನಗೆ ಇಪ್ಪತ್ತೆಂಟು ವರ್ಷದ ಅಭ್ಯಾಸ," ಎಂದರು ಅತ್ತಿಗೆ. "ನೀನು ಅಲ್ಲೇ ನಿಂತು ಮಾತಾಡು."

ಡ್ರಿಲ್ ಮಾಸ್ತರು ಎರಡು ಮೆಟ್ಟಿಲು ಕೆಳಗಿಳಿದು ಕೈಯನ್ನು ಜೇಬಿನಲ್ಲಿಟ್ಟುಕೊಂಡರು. ಬುರುಡೆಯ ಕಾಗದದ ಒಂದು ಮೂಲೆ ಎದ್ದಿತ್ತು. ಅತ್ತಿಗೆ ಅದನ್ನು ಹೆಬ್ಬೆರಳಿನಿಂದ ಒತ್ತಿ ಸರಿಯಾಗಿ ಅಂಟಿಸಿ, ಗಂಡನನ್ನು ಒಳಗೆ ಕರೆದುಕೊಂಡು ಹೋದರು.